ಲೆಸೊಥೊಗೆ ಹೊರಟ ಸಾವಿರ ಪುಸ್ತಕಗಳು

ಕಳೆದ ಎಂಟು ತಿಂಗಳಿಂದ ನಮ್ಮ ಮನೆಯ ಗರಾಜಿನಲ್ಲಿ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಹನ್ನೊಂದನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗಳು ತನ್ನ ಶಾಲೆಯ ಹದಿನಾಲ್ಕು ಮಂದಿ ಗೆಳೆಯ ಗೆಳತಿಯರೊಂದಿಗೆ ಸೇರಿ, ಆಫ್ರಿಕಾ ಖಂಡದ ದಕ್ಷಿಣ ಭಾಗದಲ್ಲಿರುವ ಲೆಸೊಥೊ ಎಂಬ ಪುಟ್ಟ ದೇಶದ ಪ್ರಾಥಮಿಕ ಶಾಲೆಯೊಂದರ ಗ್ರಂಥಾಲಯಕ್ಕಾಗಿ ಒಟ್ಟುಗೂಡಿಸಿದ ಪುಸ್ತಕಗಳೆಲ್ಲ ಅಲ್ಲಿದ್ದವು. ಕಳೆದ ವಾರ ಕೊನೆಯ ಪೆಟ್ಟಿಗೆಯೂ ಅಂಚೆ ಕಚೇರಿ ಸೇರಿತು. ಗರಾಜು ಖಾಲಿಯಾದ ಮೇಲೆ, ಈ ಮಕ್ಕಳು ಮಾಡಿದ ಕೆಲಸವನ್ನೂ ಅದನ್ನು ಹತ್ತಿರದಿಂದ ನೋಡುತ್ತ ನನಗೆ ತಿಳಿದುಬಂದ ಕೆಲವು ಸಂಗತಿಗಳನ್ನೂ ನೆನಪು ಮಾಸುವ ಮೊದಲೇ ಬರೆದಿಡಬೇಕೆನ್ನಿಸಿತು.

ಕೆಲಸದ ಕ್ರಮವನ್ನು ಮಕ್ಕಳು ತಾವಾಗಿ ಕಂಡುಹಿಡಿದದ್ದಲ್ಲ. ಕ್ರಿಸ್ ಬ್ರಾಡ್‌ಶಾ ಎಂಬ ಮಹಿಳೆ ಲೆಸೊಥೊ ಪ್ರವಾಸ ಮಾಡಿದಾಗ ಅಲ್ಲಿ ಗ್ರಂಥಾಲಯಗಳು ಎಷ್ಟು ವಿರಳವೆಂಬುದನ್ನು ಕಂಡು, ಊರಿಗೆ ಮರಳಿ 2005ರಲ್ಲಿ ನಮ್ಮ ಕ್ಯಾಲಿಫೋರ್ನಿಯಾದಲ್ಲಿಯೇ ಆರಂಭಿಸಿದ ಆಫ್ರಿಕನ್ ಲೈಬ್ರರಿ ಪ್ರಾಜೆಕ್ಟ್ ಎಂಬ ಸಂಸ್ಥೆಯಿದೆ. ಅದರ ಏರ್ಪಾಡು ಸರಳವಾದದ್ದು. ಇಲ್ಲಿನ ಒಂದು ಗುಂಪು ಸುಮಾರು ಸಾವಿರ ಪುಸ್ತಕಗಳನ್ನೂ ಅವುಗಳ ಸಾಗಣೆಗೆ ಬೇಕಾದ ಹಣವನ್ನೂ ಕೂಡಿಸುತ್ತದೆ. ಅಲ್ಲಿನ ಒಂದು ಶಾಲೆ ಕೋಣೆ, ಕಪಾಟು ಮತ್ತು ಗ್ರಂಥಾಲಯವನ್ನು ನೋಡಿಕೊಳ್ಳುವ ಒಬ್ಬ ಶಿಕ್ಷಕರನ್ನು ಒದಗಿಸುತ್ತದೆ. ಹಲವು ಊರುಗಳ ಪುಸ್ತಕಗಳು ನ್ಯೂ ಆರ್ಲಿಯನ್ಸ್‌ನ ಗೋದಾಮಿನಲ್ಲಿ ಸೇರಿ, ಕಂಟೇನರು ತುಂಬಿದ ಮೇಲೆ ಹಡಗು ಹತ್ತುತ್ತವೆ. ಅಲ್ಲಿನ ಶಾಲೆಗೂ ಇದರಲ್ಲಿ ಹೊಣೆಯಿದೆ ಎಂಬ ಅಂಶ ನನಗೆ ಮೊದಲ ದಿನವೇ ಹಿಡಿಸಿತು. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ.

ಏಪ್ರಿಲ್‌ನಲ್ಲಿ ಮಕ್ಕಳು ಅಂಟಿಸಿದ ಮೊದಲ ಭಿತ್ತಿಪತ್ರದಲ್ಲಿ, ಮನೆಯಲ್ಲಿ ಬೇಡವಾಗಿರುವ ಪುಸ್ತಕಗಳನ್ನು ನಮಗೆ ಕೊಡಿ ಎಂದಿತ್ತು. ಜನ ಅದನ್ನು ಅಕ್ಷರಶಃ ಪಾಲಿಸಿದರು. ಮೂರು ವಾರಗಳಲ್ಲಿ ಗರಾಜಿನ ಅರ್ಧ ಭಾಗ ತುಂಬಿತು. ವಿಂಡೋಸ್ 95ರ ಕೈಪಿಡಿ, ಹತ್ತು ವರ್ಷ ಹಿಂದಿನ ಆದಾಯ ತೆರಿಗೆಯ ಮಾರ್ಗದರ್ಶಿ, ಕಾಲೇಜು ಪ್ರವೇಶ ಪರೀಕ್ಷೆಯ ತಯಾರಿಯ ದಪ್ಪ ಪುಸ್ತಕಗಳು, ಬಣ್ಣ ತುಂಬಿ ಮುಗಿಸಿದ ಚಿತ್ರಪುಸ್ತಕಗಳು, ಬೆನ್ನು ಕಿತ್ತು ಹೊಲಿಗೆ ಬಿಚ್ಚಿಕೊಂಡ ಕಾದಂಬರಿಗಳು, ಎಲ್ಲವೂ ಬಂದವು. ಒಂದು ಪೆಟ್ಟಿಗೆಯಲ್ಲಿದ್ದ ಪುಸ್ತಕಗಳಿಗೆ ಬೂಷ್ಟು ಹಿಡಿದಿತ್ತು. ಅದನ್ನು ಗಮನಿಸದೆ ಉಳಿದವುಗಳ ಪಕ್ಕದಲ್ಲಿಯೇ ಇಟ್ಟಿದ್ದರಿಂದ ಒಳ್ಳೆಯ ಪುಸ್ತಕಗಳ ಎರಡು ಸಾಲುಗಳಿಗೂ ಅದು ಹರಡಿ, ಮೂವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಎಸೆಯಬೇಕಾಯಿತು. ಅಂದು ಸಂಜೆ ಮಕ್ಕಳು ಬೇಸರದಿಂದ ಮಾತಿಲ್ಲದೆ ಕುಳಿತಿದ್ದರು.

ನನಗೆ ಆಗ ನಚಿಕೇತನ ನೆನಪಾಯಿತು. ಯಾಗ ಮಾಡುತ್ತಿದ್ದ ತಂದೆ, ಮೇವು ತಿಂದು ಮುಗಿಸಿದ, ನೀರು ಕುಡಿದು ಮುಗಿಸಿದ, ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಕೊಡುತ್ತಿರುವುದನ್ನು ಕಂಡು, ಇಂಥ ದಾನದಿಂದ ಏನು ದೊರೆತೀತು ಎಂದು ಕಳವಳಗೊಂಡ ಹುಡುಗ ಅವನು. ಚಿಕ್ಕವಳಿದ್ದಾಗ ನನ್ನ ಮಗಳು ಈ ಕಥೆಯಲ್ಲಿ ಯಮನ ಮನೆಯ ಭಾಗವನ್ನೇ ಮತ್ತೆ ಮತ್ತೆ ಹೇಳಿಸಿಕೊಳ್ಳುತ್ತಿದ್ದಳು. ಅದರ ಮೊದಲ ಭಾಗ ನಮ್ಮ ಗರಾಜಿಗೆ ಬಂದು ಕುಳಿತೀತೆಂದು ನಾನು ಎಣಿಸಿರಲಿಲ್ಲ.

ಮಾರನೆಯ ವಾರ ಮಕ್ಕಳು ಎಲ್ಲ ಪುಸ್ತಕಗಳನ್ನೂ ನೆಲದ ಮೇಲೆ ಹರಡಿ ಮತ್ತೆ ಆರಿಸತೊಡಗಿದರು. ಹೊಂದದವುಗಳಲ್ಲಿ ಕೊಟ್ಟವರು ಯಾರೆಂದು ಗೊತ್ತಿದ್ದ ಕಡೆ, ಅವರ ಮನೆಗೇ ಹೋಗಿ ಹಿಂದಿರುಗಿಸಿ ಕಾರಣ ಹೇಳಿ ಬರುವುದೆಂದು ತೀರ್ಮಾನಿಸಿದರು. ಇದು ದೊಡ್ಡವರಾದ ನಮಗೂ ಕಷ್ಟದ ಕೆಲಸ. ಕನ್ನಡ ಶಾಲೆಯ ಮೂಲಕ ನಮಗೆ ಪರಿಚಯವಾದ ಹಿರಿಯರೊಬ್ಬರ ಮನೆಗೆ ಮಗಳು ಹೋದಾಗ ನಾನೂ ಜೊತೆಯಲ್ಲಿದ್ದೆ. "ಆಂಟಿ, ಈ ಪುಸ್ತಕಗಳು ನಮ್ಮ ಪಟ್ಟಿಗೆ ಹೊಂದ್ತಿಲ್ಲ, ಅದಕ್ಕೆ ವಾಪಸ್ ತಂದಿದೀನಿ," ಎಂದಳು. ಅವರು ಬೇಸರಪಟ್ಟುಕೊಳ್ಳದೆ, ನಿಜವಾದ ಕನಿಕರದಿಂದಲೇ, "ಏನೂ ಇಲ್ಲದ ಮಕ್ಕಳಿಗೆ ಇಷ್ಟಾದ್ರೂ ಸಿಗಲಿ ಬಿಡು ಪುಟ್ಟಿ," ಎಂದರು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರ ಹತ್ರ ಏನೂ ಇಲ್ಲ ಅಂತ ನಮಗೆ ಹೇಗೆ ಗೊತ್ತು ಆಂಟಿ?" ಎಂದು ಕೇಳಿದಳು. ಅವಳ ದನಿಯಲ್ಲಿ ಎದುರಾಡುವ ಭಾವವಿರಲಿಲ್ಲ. ಅವಳಿಗೆ ನಿಜವಾಗಿಯೂ ಉತ್ತರ ಬೇಕಿತ್ತು. ಆ ಹಿರಿಯರು ಯೋಚಿಸಿ, ಒಳಗಿನಿಂದ ತಮ್ಮ ಮೊಮ್ಮಗನ ಕಪಾಟಿನಲ್ಲಿದ್ದ ಪ್ರಾಣಿಲೋಕದ ಆರು ಚೆಂದದ ಪುಸ್ತಕಗಳನ್ನು ತಂದುಕೊಟ್ಟರು.

ಆ ಪ್ರಶ್ನೆ ಮಾತ್ರ ಮಕ್ಕಳನ್ನು ಬಿಡಲಿಲ್ಲ. ಲೆಸೊಥೊ ಕುರಿತು ಓದಲು ಕುಳಿತರು, ನಾನೂ ಅವರೊಂದಿಗೆ ಓದಿದೆ. ಸುತ್ತಲೂ ದಕ್ಷಿಣ ಆಫ್ರಿಕಾ ದೇಶವೇ ಆವರಿಸಿಕೊಂಡಿರುವ, ಸುಮಾರು 30,000 ಚದರ ಕಿಲೋಮೀಟರಿನ ಬೆಟ್ಟದ ನಾಡು ಅದು. ಇಡೀ ದೇಶದಲ್ಲಿ ಸಮುದ್ರಮಟ್ಟದಿಂದ 1,000 ಮೀಟರಿಗಿಂತ ಕೆಳಗಿರುವ ನೆಲವೇ ಇಲ್ಲ. 1966ರ ಅಕ್ಟೋಬರ್ 4ರಂದು ಬ್ರಿಟಿಷರಿಂದ ಸ್ವಾತಂತ್ರ್ಯ ಪಡೆಯಿತು. ಜನ ಬಸೊಥೊಗಳು, ಭಾಷೆ ಸೆಸೊಥೊ. ಪ್ರಾಥಮಿಕ ಶಿಕ್ಷಣ 2000ದಲ್ಲಿ ಒಂದನೆಯ ತರಗತಿಯಿಂದ ಶುಲ್ಕವಿಲ್ಲದಂತಾಗಿ, ವರ್ಷಕ್ಕೊಂದು ತರಗತಿಯಂತೆ ಮೇಲೇರಿ, 2006ರ ಹೊತ್ತಿಗೆ ಏಳನೆಯ ತರಗತಿಯನ್ನು ಮುಟ್ಟಿತು. 2010ರ ಕಾನೂನು ಅದನ್ನು ಕಡ್ಡಾಯವನ್ನೂ ಮಾಡಿತು. ಶಾಲೆಗೆ ಬರುವ ಮಕ್ಕಳ ಸಂಖ್ಯೆ ಹೀಗೆ ಏರಿದರೂ, ಪಠ್ಯಪುಸ್ತಕದಾಚೆಗೆ ಓದಲು ಸಿಗುವ ಪುಸ್ತಕಗಳು ಅದೇ ವೇಗದಲ್ಲಿ ಬೆಳೆಯಲಿಲ್ಲ. ಬೆಟ್ಟದ ಮೇಲಿನ ಶಾಲೆಗಳಲ್ಲಂತೂ ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುವುದುಂಟು.

ಆದರೆ ಈ ದೇಶಕ್ಕೆ ಪುಸ್ತಕವೆಂಬುದು ಹೊಸದಲ್ಲ. ರಾಜಧಾನಿ ಮಸೇರುವಿನ ದಕ್ಷಿಣಕ್ಕಿರುವ ಮೊರಿಜಾ ಎಂಬ ಊರಿನಲ್ಲಿ ಫ್ರೆಂಚ್ ಪ್ರೊಟೆಸ್ಟೆಂಟ್ ಮಿಷನರಿಗಳು 1833ರಲ್ಲಿ ನೆಲೆಯೂರಿ, ಮುಂದೆ ಅಚ್ಚುಕೂಟವನ್ನೂ ತೆರೆದರು. ಸೆಸೊಥೊ ಭಾಷೆಯ ಪತ್ರಿಕೆ 'ಲೆಸೆಲಿನ್ಯಾನಾ' ಅಲ್ಲಿ 1863ರಲ್ಲಿ ಹುಟ್ಟಿತು. ನಮ್ಮ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ಹೊರಡಿಸಿದ್ದು 1843ರಲ್ಲಿ. ಅಂದರೆ ಕನ್ನಡದ ಮೊದಲ ಪತ್ರಿಕೆ ಬಂದ ಇಪ್ಪತ್ತೇ ವರ್ಷಗಳಲ್ಲಿ ಅವರೂ ತಮ್ಮ ನುಡಿಯಲ್ಲಿ ಪತ್ರಿಕೆ ಓದುತ್ತಿದ್ದರು. ಮಗಳಿಗೆ ಇದನ್ನು ವಿವರಿಸುವಾಗ ನನ್ನ ಮನಸ್ಸಿನೊಳಗೆ ಒಂದು ಬದಲಾವಣೆಯಾದದ್ದನ್ನು ಒಪ್ಪಿಕೊಳ್ಳುತ್ತೇನೆ. ಅಲ್ಲಿಯವರೆಗೆ ಲೆಸೊಥೊ ನನ್ನ ಪಾಲಿಗೆ ಕೊರತೆಗಳ ಪಟ್ಟಿಯಾಗಿತ್ತು. ಅಂದಿನಿಂದ ಅದು ನಮ್ಮದರಂತೆಯೇ ಸ್ವಂತ ನುಡಿ, ಸ್ವಂತ ಅಚ್ಚು, ಸ್ವಂತ ಓದುಗರನ್ನು ಹೊಂದಿದ ಒಂದು ನಾಡಾಯಿತು.

ಈ ತಿಳಿವಳಿಕೆಯಿಂದ ಪುಸ್ತಕ ಆರಿಸುವ ರೀತಿಯೇ ಬದಲಾಯಿತು. ಲೆಸೊಥೊದಲ್ಲಿ ಮಕ್ಕಳು ಮೊದಲ ಮೂರು ತರಗತಿಗಳನ್ನು ಸೆಸೊಥೊದಲ್ಲಿ ಕಲಿತು, ನಾಲ್ಕನೆಯ ತರಗತಿಯಿಂದ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳುತ್ತಾರೆ. ಇದರ ಭಾರ ಎಷ್ಟೆಂಬುದನ್ನು ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ವಿವರಿಸಬೇಕಾಗಿಲ್ಲ. ನಾನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿ ವಿಜ್ಞಾನಕ್ಕೆ ಸೇರಿದ ಮೊದಲ ಮೂರು ತಿಂಗಳು, ದ್ಯುತಿಸಂಶ್ಲೇಷಣೆ ಎಂದು ಚೆನ್ನಾಗಿ ತಿಳಿದಿದ್ದ ಸಂಗತಿಯನ್ನೇ ಬೇರೆ ಹೆಸರಿನಲ್ಲಿ ಕೇಳಿ ಗುರುತು ಹಿಡಿಯಲಾರದೆ ಕೊನೆಯ ಬೆಂಚಿನಲ್ಲಿ ಕುಳಿತಿದ್ದೆ. ನನಗಾಗ ಹದಿನಾರು ವರ್ಷ. ಅಲ್ಲಿನ ಮಗುವಿಗೆ ಒಂಬತ್ತೋ ಹತ್ತೋ.

ಹೀಗಾಗಿ, ಹತ್ತು ವರ್ಷದ ಅಮೆರಿಕದ ಮಗು ಸರಾಗವಾಗಿ ಓದುವ ಪುಸ್ತಕ ಅದೇ ವಯಸ್ಸಿನ ಬಸೊಥೊ ಮಗುವಿಗೆ ಗೋಡೆಯಂತೆ ಎದುರು ನಿಲ್ಲಬಹುದು. ಹಾಗೆಂದು, ಹಾಲುಗಲ್ಲದ ಕೂಸುಗಳಿಗೆ ಬರೆದ ದಪ್ಪ ರಟ್ಟಿನ ಪುಸ್ತಕವನ್ನು ಆ ಮಗುವಿನ ಕೈಗಿಟ್ಟರೆ ಅದು ಅದರ ಬುದ್ಧಿಗೆ ಮಾಡಿದ ಅವಮಾನ. ಪದಗಳು ಕಡಿಮೆಯಿದ್ದು ವಿಷಯ ದೊಡ್ಡದಿರುವ ಪುಸ್ತಕ ಬೇಕು. ಜ್ವಾಲಾಮುಖಿ, ಸೇತುವೆ, ಗ್ರಹಗಳು, ಮನುಷ್ಯದೇಹ, ಕುದುರೆ, ಮೋಡ ಇವುಗಳ ಕುರಿತು ದೊಡ್ಡ ಛಾಯಾಚಿತ್ರಗಳೂ ಪ್ರತಿ ಪುಟಕ್ಕೆ ನಾಲ್ಕೈದು ಸಾಲುಗಳೂ ಇರುವಂಥವು. ಇಂಥ ಪುಸ್ತಕಗಳು ಹುಡುಕಿದರೆ ಸಿಗುತ್ತವೆ, ಆದರೆ ಜನ ಅವನ್ನು ಬೇಗ ಬಿಟ್ಟುಕೊಡುವುದಿಲ್ಲ. ಹೊಸ ಭಿತ್ತಿಪತ್ರದಲ್ಲಿ ಬೇಡವಾದ ಪುಸ್ತಕ ಎಂಬ ಮಾತನ್ನು ಮಕ್ಕಳು ಕಿತ್ತುಹಾಕಿ, ಹತ್ತು ವರ್ಷದ ಮಗು ಕೊನೆಯ ಪುಟದವರೆಗೂ ಬಿಡದೆ ಓದುವಂಥ ಪುಸ್ತಕ ಕೊಡಿ ಎಂದು ಬರೆದರು. ಬರುವ ಪುಸ್ತಕಗಳ ಸಂಖ್ಯೆ ಅರ್ಧಕ್ಕಿಳಿಯಿತು. ಇಟ್ಟುಕೊಳ್ಳಬಹುದಾದವುಗಳ ಸಂಖ್ಯೆ ಏರಿತು.

ಜೂನ್‌ನ ಒಂದು ಶನಿವಾರದ ದೃಶ್ಯ ನನ್ನ ಕಣ್ಣಿಗೆ ಕಟ್ಟಿದಂತಿದೆ. ಗುಂಪಿನಲ್ಲಿ ಅತ್ಯಂತ ಕಿರಿಯನಾದ ಒಂಬತ್ತನೆಯ ತರಗತಿಯ ಹುಡುಗ, ಹಿಮ ಮತ್ತು ಚಳಿಗಾಲದ ಕಥೆಗಳನ್ನೆಲ್ಲ ಒಂದು ಕಡೆ ಪೇರಿಸಿ, ಆಫ್ರಿಕಾದ ಮಕ್ಕಳಿಗೆ ಇವು ಅರ್ಥವಾಗಲಾರವು ಎಂದು ತೆಗೆದಿರಿಸಿದ್ದ. ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದ; ನಾನೂ ತಲೆಯಾಡಿಸಿದ್ದೆ. ಅಷ್ಟರಲ್ಲಿ ಮಗಳು ಫೋನಿನಲ್ಲಿ ಲೆಸೊಥೊದ ಒಂದು ಚಿತ್ರ ತೋರಿಸಿದಳು. ದಕ್ಷಿಣಾರ್ಧಗೋಳವಾದ್ದರಿಂದ ಅಲ್ಲಿ ಜೂನ್, ಜುಲೈ ಎಂದರೆ ಕಡು ಚಳಿಗಾಲ. ಬೆಟ್ಟದ ಇಳಿಜಾರೆಲ್ಲ ಬೆಳ್ಳಗೆ ಹಿಮ ಮುಚ್ಚಿತ್ತು, ಅದರ ನಡುವೆ ಉಣ್ಣೆಯ ಕಂಬಳಿ ಹೊದ್ದ ಹುಡುಗನೊಬ್ಬ ಕುರಿಗಳನ್ನು ನಡೆಸಿಕೊಂಡು ಹೋಗುತ್ತಿದ್ದ. ಹಿಮದ ಮೇಲೆ ಜಾರುವ ಆಟಕ್ಕೆಂದೇ ಜನ ಹೋಗುವ ತಾಣವೂ ಆ ದೇಶದಲ್ಲಿದೆ. ಹಿಮವನ್ನು ಕಾಣದೆ ಬೆಳೆದವರು ನಮ್ಮ ಕ್ಯಾಲಿಫೋರ್ನಿಯಾ ಕರಾವಳಿಯ ಮಕ್ಕಳೇ ಹೊರತು ಅಲ್ಲಿನವರಲ್ಲ. ಆ ಹುಡುಗ ಒಂದೂ ಮಾತಾಡದೆ ಪುಸ್ತಕಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಪೆಟ್ಟಿಗೆಗೆ ಜೋಡಿಸಿದ. ನಾನು ಅವನ ಪಕ್ಕದಲ್ಲಿ ಕುಳಿತು ಜೊತೆಗೆ ಜೋಡಿಸಿದೆ.

ಕುರಿ ಕಾಯುವ ಆ ಹುಡುಗನ ಚಿತ್ರ ಇನ್ನೊಂದು ವಿಷಯಕ್ಕೆ ದಾರಿ ಮಾಡಿತು. ಲೆಸೊಥೊದಲ್ಲಿ ಹೆಂಗಸರ ಸಾಕ್ಷರತೆ ಗಂಡಸರದ್ದಕ್ಕಿಂತ ಹೆಚ್ಚು. ಗಂಡುಮಕ್ಕಳು ಚಿಕ್ಕ ವಯಸ್ಸಿನಲ್ಲೇ ದನ ಕುರಿಗಳೊಂದಿಗೆ ಬೆಟ್ಟ ಹತ್ತಿ ತಿಂಗಳುಗಟ್ಟಲೆ ಅಲ್ಲೇ ಉಳಿಯುವುದು ಇದಕ್ಕೆ ಮುಖ್ಯ ಕಾರಣ. ಉಣ್ಣೆ ಮತ್ತು ಮೊಹೇರ್ ಎಂಬ ಮೇಕೆಯ ನಯವಾದ ಕೂದಲು ಆ ದೇಶ ಹೊರಗೆ ಮಾರುವ ಮುಖ್ಯ ವಸ್ತುಗಳಲ್ಲಿ ಸೇರಿವೆ, ಆದ್ದರಿಂದ ಮಂದೆ ಕಾಯುವುದು ಅಲ್ಲಿ ಮನೆಯ ಅನ್ನದ ಪ್ರಶ್ನೆ. ಶಾಲೆ ಬಿಟ್ಟು ಮತ್ತೆ ಬರುವ ದೊಡ್ಡ ಹುಡುಗನಿಗೆ ನಾಚಿಕೆಯಾಗದಂಥ ಪುಸ್ತಕಗಳಿರಲಿ ಎಂದು ಮಕ್ಕಳು ಕುರಿ ಸಾಕಣೆ, ಕುದುರೆ, ಹವಾಮಾನ, ಫುಟ್ಬಾಲ್ ಇವುಗಳ ಪುಸ್ತಕಗಳಿಗೆ ಒಂದು ಪೆಟ್ಟಿಗೆಯನ್ನೇ ಮೀಸಲಿಟ್ಟರು. ಎಲ್ಲ ಪೆಟ್ಟಿಗೆಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಅದು.

ಅಲ್ಲಿನ ಶಾಲೆಯೂ ಹೊಣೆ ಹೊರಬೇಕೆಂಬುದು ನನಗೇಕೆ ಹಿಡಿಸಿತೆಂದು ಹೇಳುವುದಾಗಿ ಮೇಲೆ ಬರೆದಿದ್ದೆ. ನಾನು ಓದಿದ ಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಕುರ್ಚಿಯ ಹಿಂದೆ ಒಂದು ಕಬ್ಬಿಣದ ಬೀರು ಇತ್ತು. ಅದರ ಬಾಗಿಲಿನ ಸಣ್ಣ ಗಾಜಿನ ಮೂಲಕ ಪುಸ್ತಕಗಳ ಬೆನ್ನುಗಳು ಕಾಣುತ್ತಿದ್ದವು, ಕೆಂಪು, ಹಸಿರು, ಹಳದಿ. ಏಳು ವರ್ಷಗಳಲ್ಲಿ ಅದು ತೆರೆದದ್ದನ್ನು ನಾನು ನೋಡಿದ್ದು ಎರಡೇ ಬಾರಿ, ಎರಡೂ ಸಲ ತನಿಖೆಗೆ ಮೇಲಧಿಕಾರಿಗಳು ಬಂದಾಗ. ಆ ಉಪಾಧ್ಯಾಯರನ್ನು ನಾನು ದೂರುವುದಿಲ್ಲ. ಒಂದು ಪುಸ್ತಕ ಕಳೆದರೂ ದಾಸ್ತಾನು ವಹಿಯಲ್ಲಿ ಉತ್ತರ ಹೇಳಬೇಕಾದವರು ಅವರೇ ಆಗಿದ್ದರು. ಮಕ್ಕಳ ಕೈಗೆ ಪುಸ್ತಕ ಕೊಡುವುದಕ್ಕಿಂತ ಬೀಗದ ಕೈಯನ್ನು ಜೇಬಿನಲ್ಲಿ ಇಟ್ಟುಕೊಳ್ಳುವುದು ಅವರಿಗೆ ಸುರಕ್ಷಿತವಾಗಿತ್ತು. ಗಾಜಿಗೆ ಮೂಗು ಒತ್ತಿ ಒಂದು ಹಸಿರು ಪುಸ್ತಕದ ಹೆಸರಿನ ಅರ್ಧ ಭಾಗವನ್ನು ಎಷ್ಟೋ ಸಲ ಓದಿದ್ದೇನೆ. ಉಳಿದರ್ಧ ಇಂದಿಗೂ ತಿಳಿಯದು. ಆದ್ದರಿಂದ ಸಾವಿರ ಪುಸ್ತಕಗಳೊಡನೆ, ಅವನ್ನು ಮಕ್ಕಳ ಮುಂದೆ ತೆರೆದಿಡುವುದೇ ತನ್ನ ಕೆಲಸವೆಂದು ಒಪ್ಪಿಕೊಂಡ, ಹರಿದರೆ ಅಂಟಿಸಲು ತರಬೇತಿ ಪಡೆದ ಒಬ್ಬ ಶಿಕ್ಷಕ ಅಲ್ಲಿರುತ್ತಾರೆ ಎಂಬುದು ನನಗೆ ಪುಸ್ತಕಗಳಷ್ಟೇ ಮುಖ್ಯ. ಪುಸ್ತಕ ಹರಿಯುವುದು, ಕಳೆಯುವುದು ಗ್ರಂಥಾಲಯದ ಖರ್ಚಿನ ಬಾಬ್ತು ಎಂದು ಮೊದಲೇ ಒಪ್ಪಿಕೊಳ್ಳಬೇಕು.

ಸಾಗಣೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹಿಂದೆ ಅಮೆರಿಕದಲ್ಲಿ ಓದಿದ ನಮ್ಮವರು ಊರಿಗೆ ಮರಳುವಾಗ ಎಂ-ಬ್ಯಾಗ್ ಎಂಬ ಚೀಲದಲ್ಲಿ ಪುಸ್ತಕ ತುಂಬಿ ಹಡಗಿನ ಅಂಚೆಯಲ್ಲಿ ಅಗ್ಗವಾಗಿ ಕಳುಹಿಸುತ್ತಿದ್ದದ್ದು ಹಲವರಿಗೆ ನೆನಪಿರಬಹುದು. 2007ರ ಮೇ ತಿಂಗಳಲ್ಲಿ ಇಲ್ಲಿನ ಅಂಚೆ ಇಲಾಖೆ ಹೊರದೇಶಗಳ ಹಡಗಿನ ಅಂಚೆಯನ್ನು ನಿಲ್ಲಿಸಿದ ಮೇಲೆ ಆ ಚೀಲ ವಿಮಾನದಲ್ಲಿ ಮಾತ್ರ ಹೋಗುತ್ತದೆ, ದರವೂ ಅದಕ್ಕೆ ತಕ್ಕಂತಿದೆ. ಆದ್ದರಿಂದ ಬಡ ಶಾಲೆಗೆ ಪುಸ್ತಕ ಕಳುಹಿಸಬಯಸುವವರು ಹಲವರೊಂದಿಗೆ ಸೇರಿ ಕಂಟೇನರಿನಲ್ಲಿ ಕಳುಹಿಸುವುದೇ ಮೇಲು. ದೇಶದೊಳಗೆ ಗೋದಾಮಿನವರೆಗೆ ಮೀಡಿಯಾ ಮೇಲ್ ಎಂಬ ಪುಸ್ತಕಗಳ ರಿಯಾಯಿತಿ ದರವಿದೆ. ಅದರಲ್ಲಿ ಖಾಸಗಿ ಪತ್ರಗಳನ್ನು ಇಡುವಂತಿಲ್ಲ. ಅದು ತಿಳಿಯದೆ ಮಕ್ಕಳು ಬಣ್ಣದ ಕಾಗದದಲ್ಲಿ ಬರೆದು ಪುಸ್ತಕಗಳ ನಡುವೆ ಇಟ್ಟಿದ್ದ ಪತ್ರಗಳನ್ನೆಲ್ಲ ಟೇಪು ಬಿಚ್ಚಿ ಹೊರತೆಗೆಯಬೇಕಾಯಿತು. ಜೆರಾಕ್ಸ್ ಕಾಗದ ಬರುವ ಗಟ್ಟಿ ರಟ್ಟಿನ ಪೆಟ್ಟಿಗೆಗಳೇ ಪುಸ್ತಕಕ್ಕೆ ಅತ್ಯುತ್ತಮ; ಒಂದರಲ್ಲಿ ನಲವತ್ತರಷ್ಟು ಹಿಡಿಸುತ್ತವೆ, ಒಬ್ಬರೇ ಎತ್ತಬಹುದು. ನಮ್ಮವು ಇಪ್ಪತ್ತೇಳು ಪೆಟ್ಟಿಗೆಗಳಾದವು. ಅಂಚೆಯ ಹಣವನ್ನು ಮಕ್ಕಳು ಶಾಲೆಯಲ್ಲಿ ತಿಂಡಿ ಮಾರಿ ಗಳಿಸಿದರು. ನಾನು ಮಾಡಿಕೊಟ್ಟ ಕೋಡುಬಳೆ ಮೂರು ಸಲ ಖಾಲಿಯಾಯಿತು.

ಒಂದು ಪ್ರಶ್ನೆ ಮಾತ್ರ ನನ್ನನ್ನು ಈಗಲೂ ಕಾಡುತ್ತಿದೆ. ಕಳುಹಿಸಿದ ಪುಸ್ತಕಗಳೆಲ್ಲ ಇಂಗ್ಲಿಷಿನವು. ಸೆಸೊಥೊದಲ್ಲಿ ಕಥೆ ಕೇಳಿ ಬೆಳೆಯುವ ಆರು ವರ್ಷದ ಮಗುವಿಗೆ ಗ್ರಂಥಾಲಯವೆಂದರೆ ಇಂಗ್ಲಿಷ್ ಇರುವ ಕೋಣೆ ಎಂದು ಅನ್ನಿಸಿಬಿಟ್ಟರೆ ನಾವು ಕೊಟ್ಟದ್ದರಲ್ಲಿ ಒಂದು ಪಾಲನ್ನು ನಾವೇ ಹಿಂತೆಗೆದುಕೊಂಡಂತೆ. ಊರಿನಲ್ಲಿ ಕನ್ನಡದ ಮಕ್ಕಳ ಪುಸ್ತಕಗಳ ಸ್ಥಿತಿ ಬಲ್ಲವಳಾಗಿ ಈ ಮಾತನ್ನು ಮಕ್ಕಳ ಮುಂದಿಟ್ಟೆ. ಅವರು ಸುಮ್ಮನೆ ಕೂರಲಿಲ್ಲ. ದಕ್ಷಿಣ ಆಫ್ರಿಕಾದ ಸೈಡ್ ಎಂಬ ಸಂಸ್ಥೆ ನಡೆಸುವ ಆಫ್ರಿಕನ್ ಸ್ಟೋರಿಬುಕ್ ಎಂಬ ಮುಕ್ತ ಸಂಗ್ರಹದಲ್ಲಿ ಆಫ್ರಿಕಾದ ಅನೇಕ ನುಡಿಗಳ ಚಿತ್ರಕಥೆಗಳಿವೆ, ಅವನ್ನು ಯಾರು ಬೇಕಾದರೂ ಅಚ್ಚು ಹಾಕಿ ಹಂಚಬಹುದು. ತಿಂಡಿ ಮಾರಿದ ಹಣದಲ್ಲಿ ಉಳಿದದ್ದನ್ನು ಬಳಸಿ ಸೆಸೊಥೊದ ಕಥೆಗಳ ಇಪ್ಪತ್ತನಾಲ್ಕು ಕಿರುಪುಸ್ತಕಗಳನ್ನು ಮುದ್ರಿಸಿ, ಮಡಿಸಿ, ಪಿನ್ನು ಹೊಡೆದು ಸಿದ್ಧಪಡಿಸಿದರು.

ಪೆಟ್ಟಿಗೆಗೆ ಹಾಕುವ ಹಿಂದಿನ ದಿನ ಮಗಳಿಗೆ ಒಂದು ಸಂದೇಹ ಬಂತು. ಲೆಸೊಥೊದಲ್ಲಿ ನಮಸ್ಕಾರ ಹೇಳುವ ಪದವನ್ನು 'ಲುಮೆಲಾ' ಎಂದು ಬರೆದು 'ದುಮೆಲಾ' ಎಂದು ಓದುತ್ತಾರೆ; ಪುಸ್ತಕಗಳು ಎಂಬುದನ್ನು 'ಲಿಬುಕಾ' ಎಂದು ಬರೆದು 'ದಿಬುಕಾ' ಎನ್ನುತ್ತಾರೆ. ಗಡಿಯಾಚೆಯ ದಕ್ಷಿಣ ಆಫ್ರಿಕಾದಲ್ಲಿ ಅದೇ ನುಡಿಯನ್ನು ಉಚ್ಚಾರಕ್ಕೆ ತಕ್ಕಂತೆ ದಕಾರದಿಂದಲೇ ಬರೆಯುತ್ತಾರೆ. ಭಾಷೆ ಒಂದೇ, ಬರವಣಿಗೆ ಎರಡು. ನಾವು ಮುದ್ರಿಸಿದ್ದು ಗಡಿಯಾಚೆಯ ಬರವಣಿಗೆಯ ಕಥೆಗಳನ್ನು. ಈಗಷ್ಟೇ ಅಕ್ಷರ ಕೂಡಿಸಿ ಓದಲು ಕಲಿಯುತ್ತಿರುವ ಮಗುವಿಗೆ ಇದು ತೊಡಕಾದೀತೇ, ಅಥವಾ ಮಕ್ಕಳು ಸುಲಭವಾಗಿ ದಾಟಿಕೊಂಡು ಓದುತ್ತಾರೆಯೇ? ಇದನ್ನು ಇಲ್ಲಿ ಕುಳಿತು ತೀರ್ಮಾನಿಸುವ ಅಧಿಕಾರ ನಮಗಿಲ್ಲವೆಂದು ಹದಿನೈದು ಮಂದಿಯೂ ಒಪ್ಪಿದರು. ಎರಡು ಪುಟಗಳ ಚಿತ್ರ ತೆಗೆದು, ಸಂಸ್ಥೆಯ ಮೂಲಕ ಆ ಶಾಲೆಯ ಶಿಕ್ಷಕರಿಗೆ ಕಳುಹಿಸಿ, ನಿಮ್ಮ ಮಕ್ಕಳಿಗೆ ಇದು ಆದೀತೇ ಎಂದು ಕೇಳಿದ್ದಾರೆ.

ಅಲ್ಲಿ ಈಗ ವರ್ಷಾಂತ್ಯದ ರಜೆ. ಹೊಸ ವರ್ಷದಲ್ಲಿ ಶಾಲೆಗಳು ತೆರೆದ ಮೇಲೆ ಉತ್ತರ ಬರಬಹುದು. ಇಪ್ಪತ್ತೇಳು ಪೆಟ್ಟಿಗೆಗಳು ನ್ಯೂ ಆರ್ಲಿಯನ್ಸ್‌ನ ದಾರಿಯಲ್ಲಿವೆ. ಇಪ್ಪತ್ತನಾಲ್ಕು ಕಿರುಪುಸ್ತಕಗಳು ನಮ್ಮ ಊಟದ ಮೇಜಿನ ಪಕ್ಕದ ಕಪಾಟಿನಲ್ಲಿ, ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಕಾಯುತ್ತಿವೆ.